ಚೊಗರು ಅಂದುಕೊಂಡದ್ದು ತುಕ್ಕಾಗಿತ್ತು

2023ರ ನವೆಂಬರ್‌ನಲ್ಲಿ ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಗೆ ಹಳೇ ಮಾರುತಿ ವ್ಯಾನ್ ನೋಡಲು ಹೋಗಿದ್ದೆ. 1987ರ ಗಾಡಿ. ಅಂದರೆ ಇನ್ನೂ ಓಮ್ನಿ ಅನ್ನೋ ಹೆಸರು ಬರದ ಕಾಲದ್ದು. ಆ ಹೆಸರು ಬಂದದ್ದು 1988ರಲ್ಲಿ. ಫೋನಲ್ಲೇ ಗಾಡಿಯ ಮಾಲೀಕ ಗೌಡರಿಗೆ ಹೇಳಿದ್ದೆ, "ನಾ ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಮಾರಾಯ್ರೆ" ಅಂತ.

ಇದರ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಸೀಟು ಎತ್ತಿ ಕೈ ಇಟ್ಟರೆ ಬೆಚ್ಚಗಿತ್ತು! ಕೇಳಿದರೆ, "ಹುಡುಗ ಬೆಳಿಗ್ಗೆ ಸ್ವಲ್ಪ ಓಡಿಸಿದ" ಅಂದರು. ಮೋಸ ಅಂತ ನನಗೆ ಅನ್ನಿಸಲಿಲ್ಲ, ಆದರೆ ಬಿಸಿ ಎಂಜಿನ್ ನಿಜ ಹೇಳುವುದಿಲ್ಲ. ಊಟ ಮುಗಿಸಿ, ತೋಟ ಸುತ್ತಿ, ಮೂರು ಗಂಟೆ ಕಳೆದ ಮೇಲೆ ಚೋಕ್ ಎಳೆದು ಸೆಲ್ಫ್ ಹೊಡೆದೆ. ಮೊದಲು ಒಂದು ಬುಸ್ಸೆಂದು ನೀಲಿ ಹೊಗೆ, ಆಮೇಲೆ ನಿಂತಿತು. ನಿಂತಿದ್ದ ಗಾಡಿ ಹೀಗೆ ಒಮ್ಮೆ ಉಗುಳಿ ಸುಮ್ಮನಾದರೆ ಹೆಚ್ಚಾಗಿ ವಾಲ್ವ್ ಸೀಲ್ ಸವೆದಿರುತ್ತದೆ. ಆಕ್ಸಿಲರೇಟರ್ ತುಳಿದಾಗಲೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್ ಹೋಗಿದೆ ಅಂತ ತಿಳಿಯಿರಿ. ಆಯಿಲ್ ಮುಚ್ಚಳ ಬಿಚ್ಚಿ ನೋಡಿದೆ. ಒಳಗೆ ಮೊಸರಿನಂಥ ಬಿಳಿ ಜಿಡ್ಡಿರಲಿಲ್ಲ, ನೀರು ಸೇರಿಲ್ಲ. ಇಷ್ಟು ಸಾಕು. 796 ಸಿಸಿಯ ಮೂರು ಸಿಲಿಂಡರ್, ಮಾರುತಿ 800 ಕಾರಿನದೇ ಎಂಜಿನ್. ಸಾಮಾನು ಎಲ್ಲಿ ಬೇಕಾದರೂ ಸಿಗುತ್ತದೆ, ಬಿಚ್ಚಿ ಕಟ್ಟಲು ಗೊತ್ತಿರುವವರೂ ಇದ್ದಾರೆ. ಅದಕ್ಕೆ ಹೆದರಿ ಗಾಡಿ ಬಿಡಬೇಕಾಗಿಲ್ಲ.

ಹೆದರಬೇಕಾದದ್ದು ತಗಡಿಗೆ, ಅದರಲ್ಲೂ ಮಲೆನಾಡಿನ ಮಳೆ ಕುಡಿದ ತಗಡಿಗೆ. ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಜೇಬಲ್ಲಿಟ್ಟುಕೊಂಡಿರುತ್ತೇನೆ. ಬಾಡಿ ಮೇಲೆ ಆಡಿಸುತ್ತಾ ಹೋದರೆ ಪುಟ್ಟಿ ಮೆತ್ತಿದ ಕಡೆ ಹಿಡಿತ ಬಿಡುತ್ತದೆ. ಹಿಂದಿನ ಚಕ್ರದ ಕಮಾನಿನಲ್ಲಿ ಎರಡೂ ಕಡೆ ಬಿಟ್ಟಿತು. ಅದನ್ನು ಲೆಕ್ಕಕ್ಕೆ ಹಿಡಿದೆ.

ಆಮೇಲೆ ಎಡಗಡೆ ಮುಂದಿನ ಮ್ಯಾಟ್ ಎತ್ತಿದೆ. ನೆಲ ಪೂರ್ತಿ ಕೆಂಪು-ಕಂದು. ಗೌಡರು ನಕ್ಕು, "ಚೊಗರು ಅದು, ಕ್ಯಾನು ಮಗುಚಿತ್ತು" ಅಂದರು. ಚೊಗರು ಅಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ರಸ, ಅದು ಚೆಲ್ಲಿದರೆ ಸಿಮೆಂಟಿನ ಮೇಲೂ ಹಾಗೇ ಕೂರುತ್ತದೆ, ವಾಸನೆಯೂ ಅದೇ. ನಂಬಿದೆ. ಉಗುರಲ್ಲಿ ಒಂದು ಚೂರು ಕೆರೆದು ನೋಡಿ ಮ್ಯಾಟ್ ಮುಚ್ಚಿದೆ. ಜೇಬಲ್ಲೇ ಇದ್ದ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಅವರ ಮನೆಯಲ್ಲಿ ಊಟ ಮಾಡಿ, ಅವರೆದುರೇ ನೆಲ ಚುಚ್ಚೋದು ಹೇಗೆ ಅನ್ನೋ ಸಂಕೋಚ.

ಕಾಗದದ ಕಡೆ ಮಾತ್ರ ಸಂಕೋಚ ಇಟ್ಟುಕೊಳ್ಳಲಿಲ್ಲ. ಚಾಸಿಸ್ ನಂಬರಿನ ಮೇಲಿನ ಜಿಡ್ಡು ಒರೆಸಿ ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿದೆ. ನೋಂದಣಿ 2022ರ ಡಿಸೆಂಬರ್‌ಗೇ ಮುಗಿದಿತ್ತು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದ ಆಗಿನ ದರದಲ್ಲಿ ಹದಿನೈದು ವರ್ಷ ದಾಟಿದ ಕಾರಿನ ನವೀಕರಣಕ್ಕೆ 5,000 ಇತ್ತು, ತಡವಾದ ಪ್ರತಿ ತಿಂಗಳಿಗೆ 500. ಹನ್ನೊಂದು ತಿಂಗಳಿಗೆ 5,500 ಆಯಿತು. ಒಟ್ಟು 10,500, ಹಸಿರು ತೆರಿಗೆ ಬೇರೆ. ವಿಂಟೇಜ್ ಅಂತ ನಾವು ಕರೆದುಕೊಳ್ಳಬಹುದು, ಸರ್ಕಾರದ ಲೆಕ್ಕದಲ್ಲಿ ಅದಕ್ಕೆ ಐವತ್ತು ವರ್ಷ ದಾಟಿರಬೇಕು. ಇದನ್ನೇ ಮುಂದಿಟ್ಟು 60,000 ಹೇಳಿದ್ದನ್ನು 45,000ಕ್ಕೆ ಇಳಿಸಿದೆ.

ರಿಪೇರಿಗೆ ನಾನು ಬರೆದುಕೊಂಡ ಅಂದಾಜು ಹೀಗಿತ್ತು: ಕಾರ್ಬುರೇಟರ್ ಕಿಟ್, ಪ್ಲಗ್, ಪಾಯಿಂಟ್ 3,500, ಬ್ರೇಕ್ 6,500, ನಾಲ್ಕು ಟೈರ್ 10,000, ಟಿಂಕರಿಂಗ್ ಅಂದರೆ ತಗಡಿನ ಕೆಲಸಕ್ಕೆ 12,000. ಸೇರಿ 32,000.

ಶಿವಮೊಗ್ಗದಲ್ಲಿ ಟಿಂಕರಿಂಗ್ ಮೇಸ್ತ್ರಿ ಮ್ಯಾಟ್ ತೆಗೆದವರೇ ಬಗ್ಗಿ ಸ್ಕ್ರೂಡ್ರೈವರ್ ತುದಿ ಒತ್ತಿದರು. ಸದ್ದೇ ಇಲ್ಲದೆ ಹಿಡಿಯವರೆಗೂ ಇಳಿಯಿತು. "ಇದನ್ನ ಚುಚ್ಚಿ ನೋಡ್ಲಿಲ್ವಾ ಸಾರ್?" ಮುಂದಿನ ಗ್ಲಾಸಿನ ರಬ್ಬರ್ ಸಂದಿಯಿಂದ ಇಳಿದ ನೀರು ವರ್ಷಗಟ್ಟಲೆ ಮ್ಯಾಟಿನ ಕೆಳಗೆ ನಿಂತಿತ್ತು. ಚೊಗರು ಇದ್ದದ್ದೂ ನಿಜ, ಗೌಡರು ಸುಳ್ಳು ಹೇಳಿರಲಿಲ್ಲ. ಅದರ ಬಣ್ಣದಡಿ ತುಕ್ಕು ಅಡಗಿತ್ತು, ಅಷ್ಟೇ. ನೆಲದ ಕೆಳಗೆ ಆಧಾರಕ್ಕಿರುವ ಪಟ್ಟಿಯೂ ಹಪ್ಪಳವಾಗಿತ್ತು. ಎಲ್ಲ ಕತ್ತರಿಸಿ, ಹೊಸ ತಗಡು ಮಡಚಿ, ಬೆಸುಗೆ ಹಾಕಿ, ಬಣ್ಣ ಬಳಿಯುವಷ್ಟರಲ್ಲಿ ಟಿಂಕರಿಂಗ್ ಒಂದಕ್ಕೇ 41,000. ಉಳಿದದ್ದೆಲ್ಲ ಅಂದಾಜಿನಷ್ಟೇ ಆಯಿತು. ಒಟ್ಟು 61,000, ಗಾಡಿಯ ಬೆಲೆಗಿಂತ ಹೆಚ್ಚು.

ಈಗ ಯಾರ ಮನೆಗೆ ಹೋದರೂ ನೆಲ, ಕಮಾನು, ಜಾರುವ ಬಾಗಿಲಿನ ತಳ ಈ ಮೂರನ್ನು ಊಟಕ್ಕೆ ಮೊದಲೇ ಚುಚ್ಚಿ ನೋಡುತ್ತೇನೆ. ಟಿಂಕರಿಂಗ್‌ಗೆ ಕಣ್ಣಿಗೆ ಕಂಡದ್ದರ ಮೂರು ಪಟ್ಟು ಬರೆದುಕೊಳ್ಳುತ್ತೇನೆ. ಅಂದಹಾಗೆ ಆ ಬಾಗಿಲಿನ ಕೆಳಗಿನ ರೋಲರ್ ಸವೆದಿದ್ದನ್ನು ಅಂದೇ ನೋಡಿ, ಆಮೇಲೆ ಮಾಡಿಸಿದರಾಯಿತು ಅಂತ ಬಿಟ್ಟಿದ್ದೆ. ಇವತ್ತಿಗೂ ಮುಚ್ಚುವಾಗ ಒಂದು ಕೈಯಲ್ಲಿ ಎತ್ತಿ ಹಿಡಿದೇ ತಳ್ಳಬೇಕು.