ಪಾಸ್‌ಪೋರ್ಟ್ ಕೇಳೋದರಿಂದ ಶುರುವಾದ ಇಂಗ್ಲಿಷ್: ನನ್ನ ಅನುಭವ

ಆನೆಗೊಂದಿಯಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಹೊಳೆಯ ಈ ದಡ ನಮ್ಮ ಕೊಪ್ಪಳ ಜಿಲ್ಲೆ, ಆ ದಡದಲ್ಲಿ ಹಂಪಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೀಸನ್, ಆಗ ಹೊರದೇಶದವರು ಜಾಸ್ತಿ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇಂಗ್ಲಿಷ್ ಬರಲ್ಲ ಅಂತಾರೆ, ಅದು ಪೂರ್ತಿ ನಿಜ ಅಲ್ಲ. ರೂಮು, ನೀರು, ಊಟ, ಬಾಡಿಗೆ, ಎಲ್ಲ ಪದವೂ ನಮಗೆ ಗೊತ್ತಿರುತ್ತವೆ. ಕಷ್ಟ ಇರೋದು ಕೇಳೋ ರೀತಿಯಲ್ಲಿ. ಒಬ್ಬರ ಹತ್ತಿರ ಏನಾದರೂ ಕೇಳಬೇಕು, ಇಲ್ಲವೇ ಅವರು ಕೇಳಿದ್ದಕ್ಕೆ ಆಗುತ್ತೆ, ಆಗಲ್ಲ ಅಂತ ಹೇಳಬೇಕು, ಅದೂ ಮರ್ಯಾದೆಯಿಂದ. ಹೋಟೆಲ್, ಆಟೋ, ಗೈಡ್ ಕೆಲಸ ಮಾಡೋ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾತಿನಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇದೆ. 'ಪಾಸ್‌ಪೋರ್ಟ್ ಕೊಡ್ರಿ' ಅಂದರೆ ಸಾಕು, ಯಾರಿಗೂ ಬೇಜಾರಾಗಲ್ಲ. ಇಂಗ್ಲಿಷಿನ 'ಗಿವ್'ಗೆ ಅಂಥ ಕೊನೆ ಇಲ್ಲ, ಹಾಗಾಗಿ 'ಗಿವ್ ಮೀ ಯುವರ್ ಪಾಸ್‌ಪೋರ್ಟ್' ಅನ್ನೋದು ಬರೀ 'ಕೊಡು' ಅಂದಹಾಗೆ ಕೇಳಿಸುತ್ತೆ. 'ಪ್ಲೀಸ್' ಹಚ್ಚಿದರೆ ಸ್ವಲ್ಪ ಮೆತ್ತಗಾಗುತ್ತೆ, ಆದರೂ ಅದು ಅಪ್ಪಣೆಯೇ. ನಾವು 'ರಿ'ಯಿಂದ ಮಾಡೋ ಕೆಲಸವನ್ನು ಅವರು ಪ್ರಶ್ನೆಯಿಂದ ಮಾಡುತ್ತಾರೆ. ಎದುರಿನವರಿಗೆ ಇಲ್ಲ ಅನ್ನೋಕೆ ಜಾಗ ಬಿಟ್ಟು ಕೇಳಬೇಕು. ಇಷ್ಟು ತಲೆಗೆ ಹೋದಮೇಲೆ ಉಳಿದದ್ದು ನನಗೆ ಸಲೀಸಾಯಿತು.

ಪಾಸ್‌ಪೋರ್ಟಿನ ಮಾತನ್ನೇ ತಗೊಳ್ಳಿ. ಹೊರದೇಶದವರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮನ್ನು ಸರ್ಕಾರಕ್ಕೆ ಆನ್‌ಲೈನಲ್ಲಿ ತುಂಬಲೇಬೇಕು, ಅದು ಕಾನೂನು. ಅದಕ್ಕೆ ಪಾಸ್‌ಪೋರ್ಟೂ ಬೇಕು, ವೀಸಾನೂ ಬೇಕು. ಆದರೆ ರಾತ್ರಿಯೆಲ್ಲ ಪ್ರಯಾಣ ಮಾಡಿ ಹೊಸಪೇಟೆಯಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದು ನಮ್ಮ ಬಾಗಿಲಿಗೆ ಬಂದವರು ಸುಸ್ತಾಗಿರುತ್ತಾರೆ, ಪಾಸ್‌ಪೋರ್ಟನ್ನು ಗುರುತಿಲ್ಲದವರ ಕೈಗೆ ಕೊಡೋಕೆ ಅಂಜಿಕೆಯೂ ಇರುತ್ತೆ. ಮೊದಲು ನೀರು ಕೊಟ್ಟು ಕೂರಿಸುತ್ತೇನೆ. ಆಮೇಲೆ ಕೇಳುತ್ತೇನೆ: 'ಕುಡ್ ಐ ಹ್ಯಾವ್ ಯುವರ್ ಪಾಸ್‌ಪೋರ್ಟ್ಸ್ ಫಾರ್ ಎ ಮಿನಿಟ್, ಪ್ಲೀಸ್? ಐ ನೀಡ್ ದೆಮ್ ಫಾರ್ ದ ರಿಜಿಸ್ಟ್ರೇಷನ್ ಫಾರ್ಮ್.' 'ಕುಡ್ ಐ ಹ್ಯಾವ್' ಅಂದಾಗ ಮಾತು ನನ್ನ ಬಗ್ಗೆ ಆಗುತ್ತೆ, ಅವರಿಗೆ ಕೆಲಸ ಹೇಳಿದ ಹಾಗೆ ಆಗಲ್ಲ. 'ಫಾರ್ ಎ ಮಿನಿಟ್' ಅಂದರೆ ಬೇಗ ವಾಪಸ್ ಕೊಡುತ್ತೇನೆ ಅನ್ನೋ ಭರವಸೆ. ಎಲ್ಲಕ್ಕಿಂತ ದೊಡ್ಡದು ಕಾರಣ ಹೇಳೋದು. ಕಾರಣ ಕೇಳಿದ ತಕ್ಷಣ ಅವರ ಕೈ ಬ್ಯಾಗಿಗೆ ಹೋಗುತ್ತೆ, ನಾನು ಇದನ್ನು ಪ್ರತಿ ಸೀಸನ್‌ನಲ್ಲೂ ನೋಡುತ್ತೇನೆ.

ಶಾಲೆಯಲ್ಲಿ 'ಕುಡ್' ಅಂದರೆ 'ಕ್ಯಾನ್'ನ ಭೂತಕಾಲ ಅಂತ ಕಲಿತಿರುತ್ತೇವೆ ಅಲ್ವಾ. ಕೇಳಿಕೊಳ್ಳೋವಾಗ ಅದಕ್ಕೂ ಕಾಲಕ್ಕೂ ಸಂಬಂಧ ಇಲ್ಲ, ಮಾತು ಮೆತ್ತಗಾಗಲಿ ಅಂತಷ್ಟೇ ಅದು ಬರೋದು. ಅದಕ್ಕೇ ಉತ್ತರದಲ್ಲಿ ಯಾರೂ 'ಯೆಸ್, ಐ ಕುಡ್' ಅನ್ನಲ್ಲ. 'ಶೂರ್', 'ಆಫ್ ಕೋರ್ಸ್', 'ಯೆಸ್, ಐ ಕ್ಯಾನ್', ಅಷ್ಟೇ.

ನಾನು ಕಲಿತದ್ದು ಜೋಡಿ ಜೋಡಿಯಾಗಿ. ಅಡುಗೆಮನೆ ಬಾಗಿಲ ಹಿಂದೆ ಒಂದು ನೋಟ್‌ಬುಕ್ ನೇತುಹಾಕಿದ್ದೆ. ಎಡಗಡೆ ಪುಟದಲ್ಲಿ ಕೇಳೋ ಮಾತು, ಬಲಗಡೆ ಅದರ ಉತ್ತರ, ಎರಡೂ ಕನ್ನಡ ಲಿಪಿಯಲ್ಲೇ. ಒಂಟಿ ಪದ ಬರೆಯುತ್ತಿರಲಿಲ್ಲ. ಊಟ ಬಡಿಸೋವಾಗ ಅತಿಥಿಗಳು ತಮ್ಮತಮ್ಮಲ್ಲೇ ಆಡೋ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದೆ. ಗಂಡ ಹೆಂಡತಿ ಕೂಡ ಶೇಂಗಾ ಚಟ್ನಿ ಬೇಕಾದರೆ 'ಕುಡ್ ಯೂ ಪಾಸ್ ದ ಚಟ್ನಿ?' ಅಂತಲೇ ಕೇಳುತ್ತಾರೆ, 'ಹಿಯರ್ ಯೂ ಗೋ' ಅಂತ ಅದು ಕೈಗೆ ಬರುತ್ತೆ. ಮನೆಯವರಿಗೇ ಹೀಗೆ ಅಂದಮೇಲೆ ಹೊರಗಿನವರಿಗೆ ಹೇಗಿರಬೇಕು, ಲೆಕ್ಕ ಹಾಕಿ.

ಕೇಳೋ ಕೆಲಸ ದೊಡ್ಡದಾದಷ್ಟೂ ಅವರ ವಾಕ್ಯ ಉದ್ದ ಆಗುತ್ತೆ. ಚಟ್ನಿಗೆ 'ಕುಡ್ ಯೂ' ಸಾಕು. ಹೊರಡೋ ದಿನ ಸಂಜೆ ನಾಲ್ಕರವರೆಗೆ ರೂಮು ಇಟ್ಟುಕೊಳ್ಳಬೇಕು ಅಂದರೆ, 'ಐ ವಾಸ್ ವಂಡರಿಂಗ್ ಇಫ್ ವಿ ಕುಡ್ ಪಾಸಿಬ್ಲಿ ಕೀಪ್ ದ ರೂಮ್ ಟಿಲ್ ಫೋರ್' ಅಂತ ಸುತ್ತಿ ಬರುತ್ತಾರೆ. ವಾಕ್ಯ ಉದ್ದ ಇದ್ದರೆ ದೊಡ್ಡ ಉಪಕಾರ ಕೇಳುತ್ತಿದ್ದಾರೆ ಅಂತ ನಾನು ಮೊದಲೇ ತಯಾರಾಗುತ್ತೇನೆ.

ಇಂಥದ್ದಕ್ಕೆ ಇಲ್ಲ ಅನ್ನೋದೇ ನಮ್ಮವರಿಗೆ ಕಷ್ಟ. ನಾವು 'ನೋಡೋಣ ಬಿಡ್ರಿ' ಅಂದರೆ ಎದುರಿನವರಿಗೆ ಅರ್ಥ ಆಗಿಬಿಡುತ್ತೆ, ಆಗಲ್ಲ ಅಂತ. ಅದನ್ನೇ 'ವಿ ವಿಲ್ ಸೀ' ಅಂದರೆ ಹೊರದೇಶದವರು ನಿಜವಾಗಿಯೂ ಕಾಯುತ್ತಾರೆ. ಹಾಗೆ ಕಾಯಿಸೋದು ನನ್ನ ಪ್ರಕಾರ ಇಲ್ಲ ಅನ್ನೋದಕ್ಕಿಂತ ದೊಡ್ಡ ಅಗೌರವ. ಈಗ ನಾನು ಹೇಳೋದು: 'ಐಯಾಮ್ ಅಫ್ರೇಡ್ ದ ರೂಮ್ ಈಸ್ ಬುಕ್ಡ್ ಫ್ರಮ್ ಒನ್. ಬಟ್ ಯೂ ಆರ್ ವೆಲ್ಕಮ್ ಟು ಲೀವ್ ಯುವರ್ ಬ್ಯಾಗ್ಸ್ ಹಿಯರ್.' 'ಐಯಾಮ್ ಅಫ್ರೇಡ್' ಅಂದರೆ ಹೆದರಿಕೆ ಅಲ್ಲ, ವಿಷಾದ. ಅದರ ಹಿಂದೆ ಕಾರಣ, ಕಾರಣದ ಹಿಂದೆ ನಮ್ಮ ಕೈಲಾದ ಇನ್ನೊಂದು ದಾರಿ. ಈ ಕ್ರಮದಲ್ಲಿ ಹೇಳಿದರೆ ಯಾರೂ ಮುಖ ಸಣ್ಣ ಮಾಡಿಕೊಳ್ಳಲ್ಲ.

'ವುಡ್ ಯೂ ಮೈಂಡ್' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ರಾತ್ರಿ ಜಗಲಿಯಲ್ಲಿ ಹಾಡು ಹಾಕಿಕೊಂಡು ಕೂರುತ್ತಾರೆ, ಪಕ್ಕದ ಮನೆಯವರು ಬೆಳಿಗ್ಗೆ ಬೇಗ ಗದ್ದೆಗೆ ಹೋಗೋರು. ಆಗ ನಾನು, 'ವುಡ್ ಯೂ ಮೈಂಡ್ ಟರ್ನಿಂಗ್ ದ ಮ್ಯೂಸಿಕ್ ಡೌನ್ ಎ ಬಿಟ್?' ಅನ್ನುತ್ತೇನೆ. 'ಟರ್ನ್' ಅಲ್ಲ, 'ಟರ್ನಿಂಗ್'. ನಿಮ್ಮದೇನಾದರೂ ಅಭ್ಯಂತರ ಇದೆಯಾ ಅನ್ನೋದು ಇಲ್ಲಿನ ಪ್ರಶ್ನೆ, ಹಾಗಾಗಿ ಒಪ್ಪಿಗೆಯ ಉತ್ತರ 'ನೋ, ನಾಟ್ ಅಟ್ ಆಲ್.' 'ನೋ' ಕೇಳಿ ಬೇಜಾರು ಮಾಡಿಕೊಳ್ಳಬೇಡಿ, ಅವರು ಒಪ್ಪಿದ್ದಾರೆ. ಅದೇ ರೀತಿ ಅವರು 'ವುಡ್ ಯೂ ಮೈಂಡ್ ಇಫ್ ವಿ ಲೆಫ್ಟ್ ದ ಬೈಕ್ ಹಿಯರ್?' ಅಂದಾಗ, ನಾವು ಉತ್ಸಾಹದಿಂದ 'ಯೆಸ್, ಯೆಸ್' ಅಂದರೆ ನಮಗೆ ಅಭ್ಯಂತರ ಇದೆ ಅಂತಾಗುತ್ತೆ. 'ನಾಟ್ ಅಟ್ ಆಲ್, ಗೋ ಅಹೆಡ್' ಅನ್ನಿ. ಬೈಕ್ ಇನ್ನೂ ಬಿಟ್ಟಿಲ್ಲ, ಆದರೂ 'ಲೆಫ್ಟ್' ಅಂತಾರೆ. ಅದೂ 'ಕುಡ್' ಥರಾನೇ, ಮೆತ್ತಗೆ ಮಾಡೋಕೆ.

ಎಲ್ಲ ಕಡೆಯೂ ಹೀಗೇ ಮಾತಾಡಬೇಕು ಅಂತ ಅಲ್ಲ. ಬಿಸಿಲಿಗೆ ತುಂಗಭದ್ರೆಗೆ ಇಳಿಯೋಕೆ ಹೊರಡುತ್ತಾರೆ. ಕಲ್ಲುಗಳ ನಡುವೆ ಸೆಳವು ಇದೆ, ಹೊಳೆಯಲ್ಲಿ ಮೊಸಳೆ ಇವೆ. ಅಲ್ಲಿ 'ವುಡ್ ಯೂ ಮೈಂಡ್' ಗಿಂಡ್ ಏನೂ ಬೇಡ. 'ಪ್ಲೀಸ್ ಡೋಂಟ್ ಸ್ವಿಮ್ ದೇರ್. ಇಟ್ಸ್ ಡೇಂಜರಸ್.' ನೇರವಾಗಿ, ಗಟ್ಟಿಯಾಗಿ. ಜೀವದ ಪ್ರಶ್ನೆ ಬಂದಾಗ ಇಲ್ಲ ಅನ್ನೋಕೆ ಜಾಗ ಬಿಡಬಾರದು.

ಬರೋರೆಲ್ಲ ಮನೆಯಲ್ಲಿ ಇಂಗ್ಲಿಷ್ ಮಾತಾಡೋರೂ ಅಲ್ಲ. ರಷ್ಯಾದವರು, ಫ್ರಾನ್ಸಿನವರು 'ಗಿವ್ ಮೀ ಟೀ, ಪ್ಲೀಸ್' ಅಂದರೆ ಜೋರು ಮಾಡುತ್ತಿದ್ದಾರೆ ಅಂತ ತಿಳಿಯಬೇಡಿ. ಅವರ ಭಾಷೆಯಲ್ಲೂ ನಮ್ಮ ಹಾಗೆ ಕ್ರಿಯಾಪದದ ಕೊನೆಯಲ್ಲಿ ಬಹುವಚನದ ಮರ್ಯಾದೆ ಇದೆ, ಅದು ಇಂಗ್ಲಿಷಿಗೆ ಬರೋವಾಗ ಉದುರಿಹೋಗುತ್ತೆ.

ನಮ್ಮಲ್ಲಿ ಅಡುಗೆಗೆ ಬರೋ ಅಕ್ಕನಿಗೂ ಒಂದೆರಡು ಜೋಡಿ ಬಾಯಿಪಾಠ ಮಾಡಿಸಿದೆ. 'ವುಡ್ ಯೂ ಲೈಕ್ ಸಮ್ ಮೋರ್ ರೊಟ್ಟಿ?' ಅಂತ ಅವರೇ ಕೇಳುತ್ತಾರೆ. 'ಐಯಾಮ್ ಫೈನ್, ಥ್ಯಾಂಕ್ಸ್' ಅಂದರೆ ಸಾಕು ಅಂತ ಅರ್ಥ. ನಾವು ಬೇಡ ಅಂದವರಿಗೂ ಒತ್ತಾಯ ಮಾಡಿ ಇನ್ನೊಂದು ರೊಟ್ಟಿ ಹಾಕೋರು, ಅದು ನಮ್ಮ ಪ್ರೀತಿ. ಅವರಿಗೆ ಒಂದು ಸಲ ಬೇಡ ಅಂದರೆ ಬೇಡ. ಅಕ್ಕನಿಗೆ ಇದನ್ನು ಒಪ್ಪಿಸೋಕೆ ಇಂಗ್ಲಿಷ್ ಕಲಿಸಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು.

ವಾಟ್ಸಾಪಲ್ಲೂ ಇದೇ ಕ್ರಮ. ನಮ್ಮ ಆಫೀಸುಗಳಲ್ಲಿ ನಡೆಯೋ 'ಕೈಂಡ್ಲಿ ಡು ದ ನೀಡ್‌ಫುಲ್' ಅತಿಥಿಗಳಿಗೆ ಕಳಿಸಬೇಡಿ, ಅದು ಅರ್ಜಿಯ ಭಾಷೆ. ಸ್ಟೇಷನ್‌ನಿಂದ ಆಟೋ ಸಿಗಬಹುದಾ ಅಂತ ಅವರು ಕೇಳಿದರೆ ನಾನು ಬರೆಯೋದು ಇಷ್ಟೇ: 'ಯೆಸ್, ಆಫ್ ಕೋರ್ಸ್. ಕುಡ್ ಯೂ ಸೆಂಡ್ ಮಿ ಯುವರ್ ಟ್ರೇನ್ ನಂಬರ್, ಪ್ಲೀಸ್? ದೆನ್ ದ ಡ್ರೈವರ್ ವಿಲ್ ನೋ ಇಫ್ ಇಟ್ಸ್ ಲೇಟ್.' ನಂಬರ್ ಬಂದ ಕೂಡಲೇ ಆಟೋದವನಿಗೆ ಕಳಿಸುತ್ತೇನೆ. ರೈಲು ತಡ ಇದ್ದರೆ ಅವನೂ ಒಂದು ತಾಸು ಜಾಸ್ತಿ ಮಲಗುತ್ತಾನೆ.