ಪುಸ್ತಕದೊಳಗೆ ಚೆಲ್ಲಿದ ಕಾಫಿ

ಮನಸ್ಸನ್ನು ಕಲಕುವ ಕತೆ, ಕಾದಂಬರಿ ಓದುವಾಗ ನನಗೊಂದು ಅಭ್ಯಾಸವಿದೆ. ಪಾತ್ರಗಳು ಏನು ಕುಡಿಯುತ್ತಿವೆ ಎಂದು ಗಮನಿಸುತ್ತೇನೆ, ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯುತ್ತೇನೆ. ಕಾಫಿಯ ಹುಚ್ಚಿರುವವನಿಗೆ ಕಾಫಿಯೇ ಮೊದಲು ಕಣ್ಣಿಗೆ ಬೀಳುವುದು ಸಹಜ. ಆದರೆ ವರ್ಷಗಳು ಕಳೆದಂತೆ ಅದೇ ನನ್ನ ಓದಿನ ಕ್ರಮವಾಯಿತು. ಪಾಳುಮನೆ, ಕತ್ತಲೆ, ದೆವ್ವಗಳಿಗೆ ನಾನು ಅಷ್ಟಾಗಿ ಜಗ್ಗುವುದಿಲ್ಲ. ಬೆಳಗಿನ ತಿಂಡಿಯ ಮೇಜಿನ ಮೇಲೆ, ಲೋಟದ ಕಾಫಿ ಆರುವ ಮೊದಲೇ ಏನೋ ಕೆಟ್ಟುಹೋಗುತ್ತದಲ್ಲ, ನನ್ನ ನಿದ್ದೆಗೆಡಿಸುವುದು ಅದು.

ಫ್ರಾಂಜ್ ಕಾಫ್ಕಾ 1915ರಲ್ಲಿ ಪ್ರಕಟಿಸಿದ ‘ಮೆಟಮಾರ್ಫಸಿಸ್’ ಕತೆಯಲ್ಲಿ ಗ್ರೆಗರ್ ಸಾಂಸಾ ಒಂದು ಬೆಳಗ್ಗೆ ಹುಳುವಾಗಿ ಏಳುತ್ತಾನೆ ಎಂಬುದು ಓದದವರಿಗೂ ಗೊತ್ತು. ನನ್ನ ಪೆನ್ಸಿಲ್ ಗೆರೆ ಇರುವುದು ಸ್ವಲ್ಪ ಮುಂದೆ. ಮಗನನ್ನು ಕಂಡ ತಾಯಿ ಹಿಂದೆ ಹಿಂದೆ ಸರಿಯುತ್ತ ತಿಂಡಿಯ ಮೇಜಿನ ಮೇಲೆಯೇ ಕುಳಿತುಬಿಡುತ್ತಾಳೆ. ಕಾಫಿಯ ದೊಡ್ಡ ಪಾತ್ರೆ ಉರುಳಿ, ನೆಲಹಾಸಿನ ಮೇಲೆ ಕಾಫಿ ಧಾರೆಯಾಗಿ ಸುರಿಯುತ್ತದೆ. ಅವಳಿಗೆ ಅದರ ಪರಿವೆಯೇ ಇಲ್ಲ. ಸುರಿಯುವ ಕಾಫಿಯನ್ನು ಕಂಡದ್ದೇ ತಡ, ಗ್ರೆಗರನ ದವಡೆಗಳು ಅವನ ಅಂಕೆ ಮೀರಿ ಗಾಳಿಯನ್ನು ಕಚ್ಚುತ್ತವೆ. ಮನೆಯ ಮಗನೊಬ್ಬನ ಬೆಳಗಿನ ಕಾಫಿಯಾಸೆ ಹುಳುವಿನ ಬಾಯಲ್ಲೂ ಉಳಿದಿದೆ. ಅವನ ಕಾಲುಗಳ ವರ್ಣನೆಗಿಂತ ಈ ಸಾಲು ನನ್ನನ್ನು ಹೆಚ್ಚು ಅಲುಗಾಡಿಸಿದೆ.

ಕನ್ನಡದಲ್ಲಿ ಇದೇ ಬಗೆಯ ಕಳವಳವನ್ನು ನನಗೆ ಕೊಟ್ಟದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಅಲ್ಲಿ ನಿರೂಪಕ ಕೂರುವುದೇ ಕಾಫಿ ಹೌಸಿನಲ್ಲಿ. ವೇಟರ್ ವಿನ್ಸೆಂಟ್ ಆಡುವ ಒಂದೊಂದು ಮಾತಿಗೂ ಅವನು ಒಳಾರ್ಥ ಹುಡುಕುತ್ತಾನೆ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಬಾಯಿಬಿಟ್ಟು ಹೇಳಲಾರದವನು ಬಂದು ಕೂರುವ ಜಾಗ ಅದು. ಆ ಪುಸ್ತಕ ಮುಗಿಸಿದ ಮೇಲೆ ಕಾಫಿ ಹೌಸಿನಲ್ಲಿ ಒಬ್ಬರೇ ಕೂತವರನ್ನು ನಾನು ನೋಡುವ ರೀತಿ ಬದಲಾಗಿದೆ. ಅದರ ಕೊನೆಯ ಪುಟಗಳ ಬಗ್ಗೆ ಏನನ್ನೂ ಹೇಳುವುದಿಲ್ಲ, ಓದದವರು ಓದಬೇಕು.

ಇಂಥ ಪುಸ್ತಕಗಳನ್ನು ಓದುವಾಗ ನಾನು ಏನು ಕುಡಿಯುತ್ತೇನೆ ಎಂಬುದೂ ಮುಖ್ಯ. ಕೆಫೀನ್ ಎದೆಬಡಿತವನ್ನು ಚುರುಕಾಗಿಸಬಲ್ಲದು, ಕೈ ಸಣ್ಣಗೆ ನಡುಗಿಸಬಲ್ಲದು. ಭಯವೂ ಅದನ್ನೇ ಮಾಡುತ್ತದೆ. ಗಟ್ಟಿ ಕಾಫಿ ಕುಡಿದು ಓದಿದರೆ ಎದೆ ಹೊಡೆದುಕೊಂಡದ್ದು ಪುಸ್ತಕದಿಂದಲೋ ಡಿಕಾಕ್ಷನ್ನಿನಿಂದಲೋ ತಿಳಿಯುವುದಿಲ್ಲ. ಒಳ್ಳೆಯ ಲೇಖಕರಿಗೆ ಸಲ್ಲಬೇಕಾದದ್ದು ಅವರಿಗೇ ಸಲ್ಲಬೇಕು ಎಂಬುದು ನನ್ನ ಹಟ. ಆದ್ದರಿಂದ ಮೊದಲ ಓದಿಗೆ ಕಾಫಿ ಇಲ್ಲ, ಬರೀ ನೀರು. ಅಧ್ಯಾಯ ಮುಗಿಸಿ ಎದ್ದು ಫಿಲ್ಟರಿಗೆ ಪುಡಿ ಹಾಕುತ್ತೇನೆ, ಮೇಲಿನ ಬಿಲ್ಲೆಯನ್ನು ಮೆತ್ತಗೆ ಒತ್ತಿ ಕುದಿಯುವ ನೀರು ಸುರಿಯುತ್ತೇನೆ. ಡಿಕಾಕ್ಷನ್ ಹನಿಹನಿಯಾಗಿ ಇಳಿಯುವಷ್ಟು ಹೊತ್ತು ಓದಿದ್ದನ್ನು ಮನಸ್ಸಿನಲ್ಲೇ ತಿರುವಿಹಾಕುತ್ತೇನೆ. ಆ ಹೊತ್ತಿನಲ್ಲಿ ಉಳಿದ ಕಳವಳವೇ ಪುಸ್ತಕದ ನಿಜವಾದ ಕಳವಳ.

ರಾತ್ರಿಯ ಓದಿಗೆ ಪುಡಿಯೇ ಬೇರೆ. ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಕಾಫಿಯ ಎರಡು ಮುಖ್ಯ ಜಾತಿಗಳ ಪೈಕಿ ರೋಬಸ್ಟಾದಲ್ಲಿ ಅದು ಅರೇಬಿಕಾದ ಸರಿಸುಮಾರು ಎರಡರಷ್ಟಿರುತ್ತದೆ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನೇ ಇಲ್ಲ. ಹಾಗಾಗಿ ಬೆಳಗಿಗೆ ಪೀಬೆರಿ (ಹಣ್ಣಿನೊಳಗೆ ಒಂದೇ ಆಗಿ ಬೆಳೆದ ದುಂಡು ಬೀಜ) ಮತ್ತು ರೋಬಸ್ಟಾ ಬೆರೆಸಿ ಚಿಕೋರಿ ಕಡಿಮೆ ಹಾಕಿಸುತ್ತೇನೆ, ರಾತ್ರಿಗೆ ಅರೇಬಿಕಾ ಒಂದೇ, ಚಿಕೋರಿ ಧಾರಾಳ. ಅಪ್ಪಟ ಕಾಫಿಯವರು ಚಿಕೋರಿ ಎಂದರೆ ಮುಖ ಸಿಂಡರಿಸುತ್ತಾರೆ. ರಾತ್ರಿ ಹತ್ತರ ನಂತರ ನಾನು ಅದನ್ನು ಮನಸಾರೆ ಸಮರ್ಥಿಸುತ್ತೇನೆ.

ಪುಸ್ತಕಗಳ ಜೊತೆಗೆ ಒಂದು ಹಳೆಯ ಫೈಲೂ ಇದೆ. ಪಾನೀಯಗಳ ಬಗ್ಗೆ ಬರುವ ವಿಚಿತ್ರ ಸುದ್ದಿಗಳನ್ನು ಕತ್ತರಿಸಿ ಅದರಲ್ಲಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಇಟಲಿಯ ಮೊಡೆನಾ ಬಳಿಯ ಊರೊಂದರ ನಲ್ಲಿಗಳಲ್ಲಿ ನೀರಿನ ಬದಲು ಕೆಂಪು ವೈನ್ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಪೋರ್ಚುಗಲ್ಲಿನ ಪುಟ್ಟ ಊರಿನ ಇಳಿಜಾರು ಬೀದಿಯಲ್ಲಿ ಸುಮಾರು 22 ಲಕ್ಷ ಲೀಟರ್ ವೈನ್ ಹೊಳೆಯಾಗಿ ಹರಿಯಿತು. ಓದಿದವರೆಲ್ಲ ನಕ್ಕರು, ನಾನೂ ನಕ್ಕೆ. ಯಾರಿಗೂ ಏನೂ ಆಗಿರಲಿಲ್ಲ.

ಆದರೆ ಅದೇ ಫೈಲಿನಲ್ಲಿ 1814ರ ಅಕ್ಟೋಬರ್ 17ರ ಲಂಡನ್ನಿನ ಸಂಗತಿಯೂ ಇದೆ. ಟಾಟೆನ್‌ಹ್ಯಾಮ್ ಕೋರ್ಟ್ ರಸ್ತೆಯ ಬಳಿ ಬಿಯರ್ ತಯಾರಿಸುವ ಕಾರ್ಖಾನೆಯೊಂದಿತ್ತು. ಅಲ್ಲಿ 22 ಅಡಿ ಎತ್ತರದ ಮರದ ತೊಟ್ಟಿಯನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿಗಳಲ್ಲಿ ಒಂದು ಸಂಜೆಯ ಹೊತ್ತಿಗೆ ಕಳಚಿತು. ವರ್ಷಕ್ಕೆ ಎರಡು ಮೂರು ಸಲ ಹಾಗೆ ಕಳಚುವುದು ಅಲ್ಲಿ ಮಾಮೂಲಾಗಿತ್ತು. ಗುಮಾಸ್ತ ಜಾರ್ಜ್ ಕ್ರಿಕ್ ಅದನ್ನು ರಿಪೇರಿ ಮಾಡಿಸಲು ಚೀಟಿ ಬರೆದ. ಸುಮಾರು ಒಂದು ಗಂಟೆಯ ನಂತರ, ಆ ಚೀಟಿ ಅವನ ಕೈಯಲ್ಲಿರುವಾಗಲೇ, ತೊಟ್ಟಿ ಒಡೆಯಿತು. ನುಗ್ಗಿದ ಬಿಯರ್ ಹಿತ್ತಲಿನ ಗೋಡೆಯನ್ನು ಕೆಡವಿ ಬಡವರ ಮನೆಗಳಿಗೆ ಹೊಕ್ಕಿತು. ಎಂಟು ಮಂದಿ ಸತ್ತರು, ಎಲ್ಲರೂ ಹೆಂಗಸರು ಮತ್ತು ಮಕ್ಕಳು. ಅವರಲ್ಲಿ ಕೆಲವರು ನೆಲಮಾಳಿಗೆಯೊಂದರಲ್ಲಿ ಸತ್ತ ಮಗುವಿನ ಮುಂದೆ ಶೋಕಿಸುತ್ತ ಕೂತಿದ್ದವರು. ಜನ ಬೀದಿಗಿಳಿದು ಬಿಯರನ್ನು ಮೊಗೆದು ಕುಡಿದು ಕುಣಿದರು ಎಂಬ ಕತೆ ಈಗಲೂ ಓಡಾಡುತ್ತದೆ. ಆ ಕಾಲದ ಪತ್ರಿಕಾ ವರದಿಗಳಲ್ಲಿ ಅಂಥದ್ದೇನೂ ಇಲ್ಲ. ಅದು ಆಮೇಲೆ ಸತ್ತವರಿಗೆ ಅಂಟಿಸಿದ ನಗೆಚಾಟಿಕೆ ಎಂದು ನನಗೆ ಸಿಟ್ಟು ಬರುತ್ತದೆ.

ಕೈಯಲ್ಲಿ ಚೀಟಿ ಹಿಡಿದು ನಿಂತ ಆ ಗುಮಾಸ್ತನನ್ನು ಯಾವ ಕಾದಂಬರಿಕಾರನೂ ಇದಕ್ಕಿಂತ ಚೆನ್ನಾಗಿ ಕಲ್ಪಿಸಲಾರ. ಅವನ ಬಗ್ಗೆ ಓದಿದಂದಿನಿಂದ ವಿಚಿತ್ರ ಸುದ್ದಿಯನ್ನೂ ಪುಸ್ತಕ ಓದಿದ ಹಾಗೆಯೇ ಓದುತ್ತೇನೆ: ನಗು ಬಂದ ಜಾಗದಲ್ಲಿ ನಿಂತು, ಪಕ್ಕದಲ್ಲಿ ಯಾರಿದ್ದರು ಎಂದು ನೋಡುತ್ತೇನೆ.

ಮಾಡಿ ನೋಡಬಹುದಾದ ಸುದ್ದಿಯಿದ್ದರೆ ಮಾಡಿಯೇ ನೋಡುತ್ತೇನೆ. ಮೊಟ್ಟೆಯ ಕಾಫಿ ಎಂದು ಓದಿದಾಗ ಮನೆಯವರೆಲ್ಲ ಮೂಗು ಮುರಿದರು. ಅದರ ಹಿಂದಿನ ಕಾರಣ ತಿಳಿದ ಮೇಲೆ ನನಗೆ ಗೌರವ ಮೂಡಿತು. 1946ರ ಸುಮಾರಿಗೆ ವಿಯೆಟ್ನಾಮಿನ ಹನೋಯ್‌ನಲ್ಲಿ ಹಾಲಿನ ಅಭಾವವಿತ್ತು, ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ನುಯೆನ್ ವಾನ್ ಜಾಂಗ್ ಹಾಲಿನ ನೊರೆಯ ಬದಲು ಮೊಟ್ಟೆಯ ಹಳದಿಯನ್ನು ಕಡೆದು ಹಾಕಿದರು. ನಾನು ಮಾಡುವುದು ಹೀಗೆ: ತಾಜಾ ಮೊಟ್ಟೆಯೊಂದರ ಹಳದಿಗೆ ಎರಡು ಚಮಚ ಕಂಡೆನ್ಸ್ಡ್ ಮಿಲ್ಕ್ ಸೇರಿಸಿ, ಬಣ್ಣ ತಿಳಿಯಾಗಿ ದೋಸೆ ಹಿಟ್ಟಿನಷ್ಟು ದಪ್ಪವಾಗುವವರೆಗೆ ಬಿಡದೆ ಕಡೆಯಬೇಕು. ಬಿಸಿನೀರು ತುಂಬಿದ ಬಟ್ಟಲಿನಲ್ಲಿ ಲೋಟವನ್ನಿಟ್ಟು, ಅದಕ್ಕೆ ಗಟ್ಟಿ ಡಿಕಾಕ್ಷನ್ ಹಾಕಿ, ಮೇಲೆ ಈ ನೊರೆಯನ್ನು ಮೆಲ್ಲನೆ ಇಳಿಸಬೇಕು. ಇದಕ್ಕೆ ಅರೇಬಿಕಾ ಸಾಲದು, ನೊರೆಯ ಸಿಹಿಯಡಿ ಅದು ಕಳೆದುಹೋಗುತ್ತದೆ. ವಿಯೆಟ್ನಾಂ ಬೆಳೆಯುವುದು ಬಹುಪಾಲು ರೋಬಸ್ಟಾ. ನಮ್ಮ ಕೊಡಗಿನ ರೋಬಸ್ಟಾದ ಕಹಿ ಆ ಸಿಹಿಯನ್ನು ಸರಿಯಾಗಿ ಎದುರಿಸುತ್ತದೆ. ಆರಿದರೆ ಮಾತ್ರ ಮೊಟ್ಟೆಯ ವಾಸನೆ ಏಳುತ್ತದೆ, ಬಿಸಿಯಿರುವಾಗಲೇ ಮುಗಿಸಬೇಕು.

ಪುನುಗು ಬೆಕ್ಕಿನ ಕಾಫಿಯನ್ನು ಮಾತ್ರ ನಾನು ಮುಟ್ಟಿಲ್ಲ. ಬೆಕ್ಕು ಹಣ್ಣನ್ನು ತಿನ್ನುತ್ತದೆ, ಬೀಜ ಜೀರ್ಣವಾಗದೆ ಹೊರಬರುತ್ತದೆ, ಅದನ್ನು ತೊಳೆದು ಒಣಗಿಸಿ ಹುರಿಯುತ್ತಾರೆ. ಇದರಲ್ಲಿ ನನಗೆ ಹೇಸಿಗೆಯೇನೂ ಇಲ್ಲ. ತೋಟದ ಬದಿಯಲ್ಲಿ ಕಾಡು ಬೆಕ್ಕು ತಾನೇ ಆರಿಸಿ ತಿಂದ ಹಣ್ಣಿನ ಬೀಜವಾದರೆ ಆಕ್ಷೇಪವಿಲ್ಲ, ಕೊಡಗಿನಲ್ಲಿ ಹೀಗೆ ಆಯ್ದ ಕಾಫಿಯ ಸುದ್ದಿ 2017ರಲ್ಲಿ ಬಂದದ್ದೂ ನೆನಪಿದೆ. ಆದರೆ ಬೇಡಿಕೆ ಏರಿದಂತೆ ಇಂಡೊನೇಷ್ಯಾದಲ್ಲಿ ಬೆಕ್ಕುಗಳು ಪಂಜರ ಸೇರಿದವು. 2013ರಲ್ಲಿ ಬಿಬಿಸಿ ಸುಮಾತ್ರಾದಲ್ಲಿ ರಹಸ್ಯವಾಗಿ ಚಿತ್ರೀಕರಿಸಿ ಅದನ್ನು ತೋರಿಸಿತು. 1991ರಲ್ಲಿ ಈ ಕಾಫಿಯನ್ನು ಬ್ರಿಟನ್ನಿಗೆ ಮೊದಲು ತರಿಸಿದ ಟೋನಿ ವೈಲ್ಡ್ ಅವರೇ ಅದರ ವಿರುದ್ಧ ಪ್ರಚಾರಕ್ಕಿಳಿದರು. ರಾತ್ರಿಯೆಲ್ಲ ಒಂಟಿಯಾಗಿ ಅಲೆಯುವ ಪ್ರಾಣಿಗೆ ತಂತಿಯ ಗೂಡಿನಲ್ಲಿ ಕಾಫಿ ಹಣ್ಣು ಬಿಟ್ಟರೆ ಬೇರೇನೂ ಸಿಗದಂತೆ ಮಾಡುವುದು ನನಗೆ ಯಾವ ಕಾದಂಬರಿಗಿಂತಲೂ ಭಯಾನಕವಾಗಿ ಕಾಣುತ್ತದೆ. ಉಡುಗೊರೆ ಎಂದು ಯಾರಾದರೂ ಅದರ ಪೊಟ್ಟಣ ತಂದರೆ, ಆ ಬೆಕ್ಕು ಎಲ್ಲಿತ್ತು ಎಂದು ಕೇಳುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ಪೊಟ್ಟಣವನ್ನು ಒಡೆಯದೆ ಹಿಂದಕ್ಕೆ ಕೊಟ್ಟು, ನನ್ನ ಮಾಮೂಲಿ ಪೀಬೆರಿಯಲ್ಲೇ ಅವರಿಗೆ ಕಾಫಿ ಮಾಡಿಕೊಡುತ್ತೇನೆ.