ಮಾತು ಮುಗಿಯುವ ಮೊದಲೇ ಬಾಯಿ ಹಾಕುವ ಚಟ ಬಿಡಿಸಿಕೊಂಡ ಬಗೆ

ಹೀಗೆ ನಡುವೆ ಬಾಯಿ ಹಾಕುವುದಕ್ಕೆ ಅವಸರ ಒಂದೇ ಕಾರಣವಲ್ಲ. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ 0.2 ಸೆಕೆಂಡಿನ ಆಸುಪಾಸು. ಒಂದು ಪದ ಹೊಂದಿಸಿಕೊಳ್ಳಲು ಮಿದುಳಿಗೆ ಸುಮಾರು 0.6 ಸೆಕೆಂಡು ಬೇಕು. ಅಂದರೆ ಎದುರಿನವರು ಹೇಳುತ್ತಿರುವಾಗಲೇ ನಮ್ಮ ಉತ್ತರ ತಯಾರಾಗುತ್ತಿರುತ್ತದೆ, ಕೇಳಿಸಿಕೊಳ್ಳುವುದು ಅಷ್ಟರಮಟ್ಟಿಗೆ ಕಡಿಮೆ. ಕನ್ನಡದಲ್ಲಂತೂ ಇದು ದುಬಾರಿ: ಕ್ರಿಯಾಪದ ಬರುವುದೇ ಕೊನೆಗೆ. ‘ಗುರುವಾರ ನಾನು ಆಫೀಸಿಗೆ...’ ಅನ್ನುವಷ್ಟರಲ್ಲಿ ತಡೆದರೆ ಬರ್ತಾರೋ ಬರಲ್ವೋ ಗೊತ್ತೇ ಆಗದು.

ಕೆಲಸಕ್ಕೆ ಬಂದದ್ದು ಇಷ್ಟು. ವಾಕ್ಯ ಮುಗಿದ ಮೇಲೆ ಒಂದು ಪೂರ್ತಿ ಉಸಿರು ಬಿಡುವುದು. ಆಮೇಲೆ ಉತ್ತರವಲ್ಲ, ಅವರ ಕೊನೆಯ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುವುದು: ‘ಗುರುವಾರ ಬರಲ್ಲ ಅಂದ್ರಾ?’ ಮೊದಮೊದಲು ನಾಟಕ ಅನಿಸುತ್ತದೆ, ಅನಿಸಲಿ. ‘ಹ್ಞೂಂ ಹ್ಞೂಂ’ ಬೇಗ ಬೇಗ ಹಾಕಬಾರದು. ಅದು ‘ಸಾಕು, ಮುಗಿಸಿ’ ಎಂದೇ ಕೇಳಿಸುತ್ತದೆ.

ಮೊಬೈಲ್ ಕರೆಯಲ್ಲಿ ದನಿ ತುಸು ತಡವಾಗಿ ತಲುಪುವುದರಿಂದ ಎರಡು ಉಸಿರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹಾರನ್ನುಗಳ ನಡುವೆ, ದರ್ಶಿನಿಯ ಕೌಂಟರ್ ಪಕ್ಕ ನಿಂತು ಮುಖ್ಯ ಮಾತು ಎತ್ತಲೇಬೇಡಿ: ಅರ್ಧ ಕೇಳಿಸದ್ದನ್ನು ಊಹೆ ತುಂಬುತ್ತದೆ, ಹಳೆಯ ಚಟ ಹಿಂದಿರುಗುವುದು ಅಲ್ಲೇ.